ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರದ ಮಲಮೂತ್ರ ತೊಂದರೆಗಳು

ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಗೆ ಒಳಗಾದ ಪುರುಷರಲ್ಲಿ ಚೇತರಿಕೆಯ ಅವಧಿಯಲ್ಲಿ ಮೂತ್ರ ಸೋರಿಕೆ, ಉರಿಮೂತ್ರ, ಮೂತ್ರಕೋಶದ ಸೆಳೆತ ಹಾಗೂ ಮಲಬದ್ಧತೆ ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತವೆ. ಇವುಗಳಲ್ಲಿ ಹೆಚ್ಚಿನವು ತಾತ್ಕಾಲಿಕವಾದವು. ಕ್ಯಾನ್ಸರ್ ಚಿಕಿತ್ಸೆಗಾಗಿ ಇಡೀ ಗ್ರಂಥಿಯನ್ನೂ ವೀರ್ಯಕೋಶಗಳನ್ನೂ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ರ‍್ಯಾಡಿಕಲ್ ಪ್ರಾಸ್ಟೇಟೆಕ್ಟಮಿ ಎನ್ನುತ್ತಾರೆ. ಈ ಲೇಖನವು ಮುಖ್ಯವಾಗಿ ಅದಕ್ಕೆ ಸಂಬಂಧಿಸಿದೆ.

ಕಾರಣಗಳು

ಪ್ರಾಸ್ಟೇಟ್ ಗ್ರಂಥಿಯು ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಇದೆ. ಮೂತ್ರನಾಳದ ಆರಂಭದ ಭಾಗವು ಅದರ ನಡುವೆ ಹಾದುಹೋಗುತ್ತದೆ. ಗ್ರಂಥಿಯೊಂದಿಗೆ ಈ ಭಾಗವನ್ನೂ ತೆಗೆಯುವುದರಿಂದ, ಮೂತ್ರಕೋಶದ ಕೊರಳನ್ನು ಉಳಿದ ಮೂತ್ರನಾಳಕ್ಕೆ ಹೊಲಿದು ಜೋಡಿಸಲಾಗುತ್ತದೆ. ಆಗ ಮೂತ್ರವನ್ನು ತಡೆಹಿಡಿಯುವ ಕೆಲಸವು ಬಹುಮಟ್ಟಿಗೆ ಹೊರಗಿನ ಸಂಕೋಚಕ ಸ್ನಾಯುವಿನ ಮೇಲೆ ಬೀಳುತ್ತದೆ.

ಕ್ಯಾತಿಟರ್ ಇರುವ ಅವಧಿ

ಹೊಲಿಗೆ ಮಾಯುವವರೆಗೆ, ಸಾಮಾನ್ಯವಾಗಿ 1ರಿಂದ 2 ವಾರಗಳ ಕಾಲ, ಮೂತ್ರವು ಕ್ಯಾತಿಟರ್ ಎಂಬ ಕೊಳವೆಯ ಮೂಲಕ ಚೀಲಕ್ಕೆ ಹರಿಯುತ್ತದೆ. ಕೊಳವೆಯ ತುದಿಯಲ್ಲಿರುವ ಬಲೂನು ಮೂತ್ರಕೋಶವನ್ನು ಕೆರಳಿಸುವುದರಿಂದ, ಮೂತ್ರಕೋಶ ಖಾಲಿಯಾಗಿದ್ದರೂ ಮೂತ್ರಕ್ಕೆ ಅವಸರವಾದಂತೆ ಅನಿಸಬಹುದು. ಸೆಳೆತ ಬಂದಾಗ ಕೊಳವೆಯ ಪಕ್ಕದಿಂದ ಸ್ವಲ್ಪ ಮೂತ್ರ ಅಥವಾ ರಕ್ತ ಜಿನುಗುವುದೂ ಉಂಟು. ಕೊಳವೆಯನ್ನು ಎಳೆಯುವುದಾಗಲಿ, ತಾವೇ ತೆಗೆಯುವುದಾಗಲಿ ಹೊಲಿಗೆಗೆ ಹಾನಿ ಮಾಡಬಲ್ಲದು.

ಮೂತ್ರ ಸೋರಿಕೆ

ಕ್ಯಾತಿಟರ್ ತೆಗೆದ ಮೇಲೆ ಕೆಮ್ಮುವಾಗ, ಸೀನುವಾಗ ಅಥವಾ ಎದ್ದು ನಿಲ್ಲುವಾಗ ಮೂತ್ರ ಸೋರುವುದು ಸಾಮಾನ್ಯ. ಹೆಚ್ಚಿನವರಲ್ಲಿ ಇದು ಕೆಲವು ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ; ಕೆಲವರಿಗೆ ಒಂದು ವರ್ಷವೂ ಬೇಕಾಗಬಹುದು. ಸೋರಿಕೆಗೆ ಹೆದರಿ ನೀರು ಕುಡಿಯುವುದನ್ನು ಬಿಡುವುದು ಸರಿಯಲ್ಲ. ಇದರಿಂದ ಮೂತ್ರ ಗಾಢವಾಗಿ ಉರಿ ಹೆಚ್ಚುತ್ತದೆ, ಮಲವೂ ಗಟ್ಟಿಯಾಗುತ್ತದೆ.

ಶ್ರೋಣಿ ತಳದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗಲ್ 1948ರಲ್ಲಿ ಮಹಿಳೆಯರಿಗಾಗಿ ಪ್ರಕಟಿಸಿದರು. ಇಂದು ಪುರುಷರಿಗೂ ಇದನ್ನು ಕಲಿಸಲಾಗುತ್ತದೆ. ಮೂತ್ರವನ್ನು ತಡೆಯುವಾಗ ಬಳಸುವ ಸ್ನಾಯುಗಳನ್ನು ಕೆಲವು ಕ್ಷಣ ಬಿಗಿಹಿಡಿದು ಸಡಿಲಿಸುವುದೇ ಇದರ ಕ್ರಮ. ಕ್ಯಾತಿಟರ್ ಇರುವಾಗ ಇದನ್ನು ಮಾಡಬಾರದು. ದೀರ್ಘಕಾಲ ಉಳಿಯುವ ತೀವ್ರ ಸೋರಿಕೆಗೆ ಕೃತಕ ಸಂಕೋಚಕವನ್ನು ಅಳವಡಿಸುವ ಚಿಕಿತ್ಸೆಯಿದೆ.

ಮಲಬದ್ಧತೆ

ಅರಿವಳಿಕೆ, ಅಫೀಮು ವರ್ಗದ ನೋವು ನಿವಾರಕಗಳು ಹಾಗೂ ಓಡಾಟದ ಕೊರತೆ ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತವೆ. ಹೀಗಾಗಿ ಹೊಟ್ಟೆಯುಬ್ಬರವಾಗಿ, ಕೆಲವು ದಿನ ಮಲವಿಸರ್ಜನೆ ಆಗದಿರಬಹುದು. ಮಲಕ್ಕಾಗಿ ಮುಕ್ಕಿದರೆ ರಕ್ತಸ್ರಾವ ಮತ್ತು ಸೋರಿಕೆ ಹೆಚ್ಚಬಹುದು. ಸಾಕಷ್ಟು ನೀರು, ಸೊಪ್ಪು, ಹಣ್ಣು, ನಿಧಾನ ನಡಿಗೆ ಹಾಗೂ ವೈದ್ಯರು ಸೂಚಿಸಿದ ಮಲ ಮೆದುಗೊಳಿಸುವ ಔಷಧಿಗಳು ಸಹಕಾರಿ. ಗುದನಾಳದ ಮುಂಭಿತ್ತಿಯು ಶಸ್ತ್ರಚಿಕಿತ್ಸೆಯ ಜಾಗಕ್ಕೆ ಅಂಟಿಕೊಂಡಂತೆ ಇರುವುದರಿಂದ, ವೈದ್ಯರ ಅನುಮತಿಯಿಲ್ಲದೆ ಎನಿಮಾ ಅಥವಾ ಗುದದ ಗುಳಿಗೆಗಳನ್ನು ಬಳಸಬಾರದು.

ಟಿಯುಆರ್‌ಪಿ ನಂತರ

ಕ್ಯಾನ್ಸರ್ ಅಲ್ಲದ ಪ್ರಾಸ್ಟೇಟ್ ಊತಕ್ಕೆ ಮಾಡುವ ಟಿಯುಆರ್‌ಪಿಯಲ್ಲಿ ಮೂತ್ರನಾಳದ ಮೂಲಕವೇ ಗ್ರಂಥಿಯ ಒಳಭಾಗವನ್ನು ಕೆರೆದು ತೆಗೆಯುತ್ತಾರೆ. ಇಲ್ಲಿ ನಾಳವನ್ನು ಜೋಡಿಸುವ ಹೊಲಿಗೆ ಇರುವುದಿಲ್ಲ. ಉರಿಮೂತ್ರ ಮತ್ತು ಪದೇಪದೇ ಮೂತ್ರಕ್ಕೆ ಹೋಗುವುದು ಕೆಲವು ವಾರ ಇರಬಹುದು. ಒಳಗಿನ ಗಾಯದ ಹಕ್ಕಳೆ ಉದುರುವಾಗ, ತಿಳಿಯಾಗಿದ್ದ ಮೂತ್ರದಲ್ಲಿ ಮತ್ತೆ ರಕ್ತ ಕಾಣಿಸಿಕೊಳ್ಳಬಹುದು.

ಅಪಾಯದ ಸೂಚನೆಗಳು

ಈ ಕೆಳಗಿನವುಗಳಿಗೆ ಕೂಡಲೇ ವೈದ್ಯರ ನೆರವು ಅಗತ್ಯ:

• ಮೂತ್ರ ಕಟ್ಟುವುದು ಅಥವಾ ಕ್ಯಾತಿಟರ್‌ನಿಂದ ಮೂತ್ರ ಹರಿಯದಿರುವುದು
• ದಟ್ಟ ಕೆಂಪು ಮೂತ್ರ, ಹೆಪ್ಪುಗಟ್ಟಿದ ರಕ್ತದ ಗಡ್ಡೆಗಳು
• ಚಳಿಜ್ವರ
• ವಾಂತಿಯೊಂದಿಗೆ ತೀವ್ರ ಹೊಟ್ಟೆನೋವು
• ಮೀನಖಂಡದ ಊತ ಮತ್ತು ನೋವು, ಎದೆನೋವು ಅಥವಾ ಉಸಿರಾಟದ ತೊಂದರೆ