ವೈಜ್ಞಾನಿಕ ತಂತ್ರಾಂಶದ ದೋಷಗಳು: ಪತ್ತೆ ಮತ್ತು ವರದಿ

ಉಪಗ್ರಹಗಳು ಸಂಗ್ರಹಿಸುವ ಮಾಹಿತಿಯು ಸಿದ್ಧ ಫಲಿತಾಂಶವಾಗಿ ಭೂಮಿಗೆ ಬರುವುದಿಲ್ಲ. ಅಂಕಿಗಳ ಉದ್ದನೆಯ ಸಾಲಾಗಿ ಬರುತ್ತದೆ. ಆ ಅಂಕಿಗಳನ್ನು ಅರ್ಥಪೂರ್ಣವಾದ ಅಳತೆಗಳಾಗಿ ಮಾರ್ಪಡಿಸುವ ಕೆಲಸ ಗಣಕಯಂತ್ರದ ತಂತ್ರಾಂಶದ್ದು. ಉಪಕರಣವು ಎಷ್ಟೇ ನಿಖರವಾಗಿದ್ದರೂ ತಂತ್ರಾಂಶದಲ್ಲಿ ಅಥವಾ ಅದರ ಬಳಕೆಯಲ್ಲಿ ದೋಷವಿದ್ದರೆ ಫಲಿತಾಂಶವೂ ದೋಷಪೂರ್ಣವಾಗುತ್ತದೆ. ಆದುದರಿಂದ ದೋಷವನ್ನು ಗುರುತಿಸಿ ಸರಿಯಾದ ರೀತಿಯಲ್ಲಿ ವರದಿ ಮಾಡುವುದು ವಿಜ್ಞಾನದ ಒಂದು ಮುಖ್ಯ ಅಂಗವಾಗಿದೆ.

ಅಹಮದಾಬಾದಿನ ಒಂದು ಉಪಕರಣ

ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯವನ್ನು 1947ರಲ್ಲಿ ಡಾ. ವಿಕ್ರಮ್ ಸಾರಾಭಾಯಿ ಅವರು ಸ್ಥಾಪಿಸಿದರು. ಉಡುಪಿ ಬಳಿಯ ಅದಮಾರಿನವರಾದ ಪ್ರೊ. ಯು.ಆರ್. ರಾವ್ ಅವರು ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದ್ದು ಇಲ್ಲಿಯೇ. 2019ರ ಜುಲೈ 22ರಂದು ಉಡಾವಣೆಗೊಂಡ ಚಂದ್ರಯಾನ-2ರ ಕಕ್ಷಾಗಾಮಿಯಲ್ಲಿರುವ ಸೌರ ಕ್ಷ-ಕಿರಣ ಮಾಪಕವು ಇದೇ ಪ್ರಯೋಗಾಲಯದಲ್ಲಿ ರೂಪುಗೊಂಡಿತು.

ಸೂರ್ಯನ ಕ್ಷ-ಕಿರಣಗಳು ಚಂದ್ರನ ನೆಲದ ಮೇಲೆ ಬಿದ್ದಾಗ ಅಲ್ಲಿನ ಮೆಗ್ನೀಸಿಯಂ, ಅಲ್ಯೂಮಿನಿಯಂ, ಸಿಲಿಕಾನ್ ಮೊದಲಾದ ಮೂಲವಸ್ತುಗಳು ತಮ್ಮದೇ ಆದ ಶಕ್ತಿಯ ಕ್ಷ-ಕಿರಣಗಳನ್ನು ಹೊರಸೂಸುತ್ತವೆ. ಇವನ್ನು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ ‘ಕ್ಲಾಸ್’ ಉಪಕರಣವು ಅಳೆಯುತ್ತದೆ. ಸೂರ್ಯನಿಂದ ಬಂದ ಕಿರಣಗಳೆಷ್ಟು ಎಂಬುದನ್ನು ಅಹಮದಾಬಾದಿನ ಮಾಪಕವು ತಿಳಿಸುತ್ತದೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದಾಗ ಮಾತ್ರ ಚಂದ್ರನ ಮಣ್ಣಿನ ಸಂಯೋಜನೆ ತಿಳಿಯುತ್ತದೆ. ಸೌರ ಅಳತೆಯ ವಿಶ್ಲೇಷಣೆಯಲ್ಲಿ ಆದ ತಪ್ಪು ಚಂದ್ರನ ಮಣ್ಣಿನ ಲೆಕ್ಕಕ್ಕೂ ಸೇರಿಕೊಳ್ಳುತ್ತದೆ.

ಈ ದತ್ತಾಂಶವನ್ನು 2020ರ ಡಿಸೆಂಬರಿನಿಂದ ಬೆಂಗಳೂರು ಬಳಿಯ ಬ್ಯಾಲಾಳುವಿನ ದತ್ತಾಂಶ ಕೇಂದ್ರದ ಮೂಲಕ ಸಾರ್ವಜನಿಕರಿಗೆ ಒದಗಿಸಲಾಗಿದೆ. ವಿಶ್ಲೇಷಣೆಗೆ ಬೇಕಾದ ತಂತ್ರಾಂಶವನ್ನೂ ಪ್ರಯೋಗಾಲಯವು ನೀಡಿದೆ. ವಡೋದರ, ಸೂರತ್ ಅಥವಾ ಧಾರವಾಡದ ವಿದ್ಯಾರ್ಥಿಯು ತನ್ನ ಕಾಲೇಜಿನಲ್ಲಿಯೇ ಕುಳಿತು ಇದನ್ನು ಪರಿಶೀಲಿಸಬಹುದು.

ಮೌನ ದೋಷಗಳು

ತಂತ್ರಾಂಶವು ಅರ್ಧದಲ್ಲಿ ನಿಂತುಹೋದರೆ ದೋಷವು ಕಣ್ಣಿಗೆ ಕಾಣುತ್ತದೆ. ಸುಗಮವಾಗಿ ಕೆಲಸ ಮಾಡಿ ತಪ್ಪು ಉತ್ತರ ನೀಡುವ ದೋಷವು ಹೆಚ್ಚು ಅಪಾಯಕಾರಿ. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ಒಂದು ಮಂಗಳ ನೌಕೆ ನಾಶವಾಯಿತು. ಒಂದು ತಂತ್ರಾಂಶವು ಪೌಂಡ್ ಮಾನದಲ್ಲಿ ನೀಡಿದ ಅಂಕಿಗಳನ್ನು ಇನ್ನೊಂದು ನ್ಯೂಟನ್ ಮಾನದವೆಂದು ಗ್ರಹಿಸಿದ್ದೇ ಇದಕ್ಕೆ ಕಾರಣ. 2020ರಲ್ಲಿ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದಿನವಹಿ ಲೆಕ್ಕದಿಂದ ಬಿಟ್ಟುಹೋದವು. ಹಳೆಯ ಮಾದರಿಯ ಕಡತವು 65,536ಕ್ಕಿಂತ ಹೆಚ್ಚು ಸಾಲುಗಳನ್ನು ಹಿಡಿಯಲಾರದು ಎಂಬುದನ್ನು ಯಾರೂ ಗಮನಿಸಿರಲಿಲ್ಲ. ಪರಿಣಾಮವಾಗಿ ಆ ರೋಗಿಗಳ ಸಂಪರ್ಕಕ್ಕೆ ಬಂದವರನ್ನು ಎಚ್ಚರಿಸುವುದು ತಡವಾಯಿತು.

ವರದಿಗೆ ಮುನ್ನ ಪರಿಶೀಲನೆ

ಸಂದೇಹ ಬಂದೊಡನೆ ತಂತ್ರಾಂಶವನ್ನು ದೂರಬಾರದು. ಸೌರ ಮಾಪಕದ ದತ್ತಾಂಶವನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ, ಈ ಕೆಳಗಿನವುಗಳನ್ನು ಪರಿಶೀಲಿಸಬೇಕು:

1. ಆ ವೇಳೆಯಲ್ಲಿ ಸೂರ್ಯನು ಮಾಪಕದ ನೋಟದೊಳಗೆ ಇದ್ದನೇ? ಚಂದ್ರನ ಮರೆಯಲ್ಲಿದ್ದಾಗ ಅಳತೆ ಕುಸಿಯುವುದು ಸಹಜ.
2. ಪ್ರಬಲ ಸೌರಜ್ವಾಲೆಯ ಸಮಯವೇ? ಆಗ ಬೆರಿಲಿಯಂ ಸೋಸುಹಾಳೆಯು ತಾನಾಗಿಯೇ ಮಾಪಕಕ್ಕೆ ಅಡ್ಡ ಬಂದು ಕಡಿಮೆ ಶಕ್ತಿಯ ಕಿರಣಗಳನ್ನು ತಡೆಯುತ್ತದೆ.
3. ವೇಳೆಯನ್ನು ಸರಿಯಾಗಿ ಓದಲಾಗಿದೆಯೇ? ದತ್ತಾಂಶದ ವೇಳೆಗಿಂತ ಭಾರತೀಯ ಕಾಲಮಾನವು 5 ಗಂಟೆ 30 ನಿಮಿಷ ಮುಂದಿರುತ್ತದೆ.
4. ಕಡತವು ಪೂರ್ಣವಾಗಿ ಇಳಿದಿದೆಯೇ? ತಂತ್ರಾಂಶದ ಆವೃತ್ತಿಯೂ ಮಾಪನಾಂಕನ ಕಡತಗಳೂ ಪರಸ್ಪರ ಹೊಂದುತ್ತವೆಯೇ?
5. ಇನ್ನೊಂದು ದಿನದ ದತ್ತಾಂಶದಲ್ಲಿಯೂ, ಇನ್ನೊಂದು ಗಣಕಯಂತ್ರದಲ್ಲಿಯೂ ಅದೇ ತೊಂದರೆ ಮರುಕಳಿಸುತ್ತದೆಯೇ?

ವರದಿಯಲ್ಲಿ ಇರಬೇಕಾದುದೇನು?

‘ತಂತ್ರಾಂಶ ಕೆಲಸ ಮಾಡುತ್ತಿಲ್ಲ’ ಎಂಬ ಒಂದು ಸಾಲು, ‘ಮೈ ಸರಿಯಿಲ್ಲ’ ಎಂದಷ್ಟೇ ವೈದ್ಯರಿಗೆ ಹೇಳಿದಂತೆ. ತಂತ್ರಾಂಶದ ಆವೃತ್ತಿ, ಗಣಕಯಂತ್ರದ ವ್ಯವಸ್ಥೆ, ದತ್ತಾಂಶದ ದಿನಾಂಕ, ನೀಡಿದ ಆದೇಶ, ತೆರೆಯ ಮೇಲೆ ಮೂಡಿದ ದೋಷಸೂಚನೆಯ ಪೂರ್ಣ ಪಾಠ, ನಿರೀಕ್ಷಿಸಿದ ಉತ್ತರ ಮತ್ತು ದೊರೆತ ಉತ್ತರ ಇವಿಷ್ಟನ್ನೂ ಬರೆಯಬೇಕು. ಓದಿದವರು ಅದೇ ದೋಷವನ್ನು ತಮ್ಮಲ್ಲಿ ಮತ್ತೆ ಕಾಣುವಂತಿದ್ದರೆ ವರದಿಯು ಸಾರ್ಥಕ. ಈಗಾಗಲೇ ಮಾಡಿದ ಪರಿಶೀಲನೆಗಳನ್ನು ತಿಳಿಸಿದರೆ ಅವರ ಶ್ರಮವೂ ಉಳಿಯುತ್ತದೆ.

ವಿಚಿತ್ರ ಅಂಕಿಯೆಲ್ಲವೂ ತಪ್ಪಲ್ಲ

ಈ ಪ್ರಯೋಗಾಲಯದ ಪ್ರಥಮ ನಿರ್ದೇಶಕರಾದ ಪ್ರೊ. ಕೆ.ಆರ್. ರಾಮನಾಥನ್ ಅವರು ವಾತಾವರಣದ ಓಝೋನ್ ಕುರಿತು ಮಹತ್ವದ ಸಂಶೋಧನೆ ನಡೆಸಿದವರು. ಅದೇ ಓಝೋನಿನ ಇತಿಹಾಸದಲ್ಲಿ ಒಂದು ಪಾಠವಿದೆ. ಅಂಟಾರ್ಕ್ಟಿಕದ ಮೇಲೆ ಓಝೋನ್ ತೀವ್ರವಾಗಿ ಕುಸಿದಿರುವುದನ್ನು 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ನೆಲದ ಮೇಲಿನ ಅಳತೆಗಳಿಂದ ಪ್ರಕಟಿಸಿದರು. ಅಮೆರಿಕದ ಉಪಗ್ರಹವೂ ಆ ಕುಸಿತವನ್ನು ಅಳೆದಿತ್ತು. ಆದರೆ ಅತಿ ಕಡಿಮೆ ಅಂಕಿಗಳನ್ನು ಅದರ ತಂತ್ರಾಂಶವು ಸಂದೇಹಾಸ್ಪದವೆಂದು ಗುರುತಿಸಿತ್ತು. ದತ್ತಾಂಶವನ್ನು ಅಳಿಸಿರದ ಕಾರಣ ಮರುಪರಿಶೀಲನೆಯಲ್ಲಿ ನಿಜಾಂಶವು ದೃಢಪಟ್ಟಿತು.

ಸೂರ್ಯನು ಅತ್ಯಂತ ಶಾಂತವಾಗಿದ್ದ 2019-20ರಲ್ಲಿ ಅಹಮದಾಬಾದಿನ ಮಾಪಕವು 98 ಅತಿಸೂಕ್ಷ್ಮ ಸೌರಜ್ವಾಲೆಗಳನ್ನು ದಾಖಲಿಸಿತು. ಇಂತಹ ಕಿರಿಯ ಏರಿಳಿತಗಳನ್ನು ದೋಷವೆಂದು ತೊಡೆದುಹಾಕಿದ್ದರೆ ಆ ಜ್ಞಾನವು ನಮಗೆ ದಕ್ಕುತ್ತಿರಲಿಲ್ಲ. ಸಂದೇಹ ಮೂಡಿಸಿದ ಅಂಕಿಯನ್ನು ಅಳಿಸದೆ ಉಳಿಸಿಕೊಂಡು, ಕಾರಣವನ್ನು ಹುಡುಕಿ, ಕಂಡುದನ್ನು ಸಂಬಂಧಪಟ್ಟವರಿಗೆ ತಿಳಿಸುವುದು ಸಾರ್ವಜನಿಕ ದತ್ತಾಂಶವನ್ನು ಬಳಸುವ ಪ್ರತಿಯೊಬ್ಬರ ಕರ್ತವ್ಯ. ಇಂತಹ ವರದಿಯು ಯಾರ ಮೇಲಿನ ದೂರೂ ಅಲ್ಲ. ಮುಂದೆ ಅದೇ ದತ್ತಾಂಶವನ್ನು ಬಳಸುವವರಿಗೆ ಮಾಡಿದ ಉಪಕಾರ.