ಮೊಳೆಯನ್ನೇ ಡ್ರಿಲ್ ಬಿಟ್ ಮಾಡಿಕೊಳ್ಳಬಹುದೇ? ವಿಡಿಯೋ ಹೇಳದೆ ಬಿಟ್ಟದ್ದು

“ಮೊಳೆಯ ತಲೆ ಕತ್ತರಿಸಿ ಡ್ರಿಲ್‌ಗೆ ಸಿಕ್ಕಿಸಿ, ಮರದಲ್ಲಿ ಸಣ್ಣ ತೂತು ರೆಡಿ. ಬಿಟ್‌ಗೆ ದುಡ್ಡು ಯಾಕೆ ಖರ್ಚು?” ಇಂಥ ವಿಡಿಯೋ ನಿಮ್ಮ ಗ್ರೂಪಿಗೂ ಬಂದಿರಬಹುದು. ಇದು ಪೂರ್ತಿ ಸುಳ್ಳಲ್ಲ. ಮೆದು ಮರದಲ್ಲಿ, ನಿಧಾನವಾಗಿ ತಿರುಗುವ ಮಾಮೂಲಿ ಡ್ರಿಲ್‌ನಲ್ಲಿ ಇದು ನಡೆಯುತ್ತದೆ. ತೊಂದರೆ ಶುರುವಾಗುವುದು ಇದನ್ನೇ ರೋಟರಿ ಟೂಲ್‌ನಲ್ಲಿ, ಅಂದರೆ ಹಲವರು ಡ್ರೆಮೆಲ್ ಎಂದು ಕರೆಯುವ ಪೆನ್ನಿನಂತೆ ಹಿಡಿಯುವ ಮೆಷಿನ್‌ನಲ್ಲಿ ಮಾಡಲು ಹೊರಟಾಗ.

ಮನೆಯ ಡ್ರಿಲ್ ನಿಮಿಷಕ್ಕೆ ಸುಮಾರು 3,000 ಸುತ್ತು ತಿರುಗಿದರೆ, ರೋಟರಿ ಟೂಲ್ 30,000 ದಾಟಬಲ್ಲದು. ಮೊಳೆ ನಮ್ಮ ಕಣ್ಣಿಗೆ ನೆಟ್ಟಗೆ ಕಂಡರೂ ಕೂದಲೆಳೆಯಷ್ಟು ಬಾಗಿಯೇ ಇರುತ್ತದೆ. ತಿರುಗುವಾಗ ಆ ಬಾಗನ್ನು ಹೊರಕ್ಕೆ ಎಳೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ 10 ಪಟ್ಟಾದರೆ ಬಲ 100 ಪಟ್ಟು. ಡ್ರಿಲ್‌ನಲ್ಲಿ ಸುಮ್ಮನೆ ನಡುಗಿದ ಮೊಳೆ ಇಲ್ಲಿ ಬಗ್ಗಿ ಚಾಟಿಯಂತೆ ಬೀಸುತ್ತದೆ, ಮುರಿದರೆ ನೇರ ಮುಖಕ್ಕೆ. ಮಾಮೂಲಿ ಓದುವ ಕನ್ನಡಕ ಇದಕ್ಕೆ ರಕ್ಷಣೆಯಲ್ಲ, ಪಕ್ಕದಿಂದಲೂ ಮುಚ್ಚುವ ಸುರಕ್ಷಾ ಕನ್ನಡಕ ಬೇಕು. ಕೈಗೆ ಬಟ್ಟೆಯ ಗ್ಲೌಸ್ ಹಾಕಿಕೊಳ್ಳಬೇಡಿ. ತಿರುಗುವ ಬಿಟ್ ಅದರ ದಾರ ಹಿಡಿದರೆ ಬೆರಳನ್ನೂ ಸುತ್ತಿಕೊಳ್ಳುತ್ತದೆ.

ಇನ್ನೊಂದು ವಿಷಯ, ಮೊಳೆ ಮರವನ್ನು ಕೊರೆಯುವುದೇ ಇಲ್ಲ. ನಾರುಗಳನ್ನು ಅತ್ತಿತ್ತ ತಳ್ಳಿ ಜಾಗ ಮಾಡಿಕೊಳ್ಳುತ್ತದೆ. ಹಲಗೆಯ ಅಂಚಿನಲ್ಲಿ ಸೀಳು ಬಿಡುವುದು ಇದಕ್ಕೇ. ನಿಜವಾದ ಬಿಟ್‌ನ ತುದಿಯಲ್ಲಿ ಕತ್ತರಿಸುವ ಅಂಚಿದೆ, ಮೈಮೇಲೆ ಪುಡಿ ಹೊರಬರಲು ಸುರುಳಿ ಕಾಲುವೆಯಿದೆ.

ಹಾಗಾದರೆ 1 ಮಿ.ಮೀ. ತೂತು ಗುರಿ ತಪ್ಪದೆ ಬೀಳಬೇಕಾದರೆ? ಮೊದಲ ಶತ್ರು ಮರದ ಎಳೆ. ತೇಗದ ಹಲಗೆಯನ್ನೇ ನೋಡಿ, ಮೆದು ಗೆರೆ, ಗಟ್ಟಿ ಗೆರೆ ಅಕ್ಕಪಕ್ಕ ಇರುತ್ತವೆ. ತೆಳ್ಳಗಿನ ಬಿಟ್ ಗಟ್ಟಿ ಗೆರೆಯಿಂದ ಜಾರಿ ಮೆದು ಕಡೆಗೆ ಹೋಗುತ್ತದೆ. ಗುರುತಿನ ಮೇಲೆ ದಬ್ಬಣದ ತುದಿಯಿಂದ ಒಂದು ಕುಳಿ ಒತ್ತಿಬಿಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಉಳಿದರ್ಧ ಬಿಟ್ ಬಾಗುವುದು. ಒಂದೇ ಉದ್ದದ 2 ಮಿ.ಮೀ. ಬಿಟ್‌ಗೆ ಹೋಲಿಸಿದರೆ 1 ಮಿ.ಮೀ. ಬಿಟ್ 16 ಪಟ್ಟು ಸುಲಭವಾಗಿ ಬಾಗುತ್ತದೆ. ಆದರೆ ಹೊರಗೆ ಚಾಚಿದ ಉದ್ದವನ್ನು ಅರ್ಧ ಮಾಡಿದರೆ ಅದು 8 ಪಟ್ಟು ಬಿಗಿ! ಆದ್ದರಿಂದ ಬಿಟ್ಟನ್ನು ಕಾಲೆಟ್‌ನ ಒಳಕ್ಕೆ ತಳ್ಳಿ, ಬೇಕಾದಷ್ಟೇ ಹೊರಗಿಟ್ಟು ಬಿಗಿ ಮಾಡಿ. ನನ್ನ ಪ್ರಕಾರ ದುಬಾರಿ ಬಿಟ್‌ಗಿಂತ ಈ ಒಂದು ಕೆಲಸಕ್ಕೆ ಬೆಲೆ ಹೆಚ್ಚು. ಅಂದ ಹಾಗೆ, ಆನ್‌ಲೈನ್‌ನಲ್ಲಿ ಡಬ್ಬಿಗಟ್ಟಲೆ ಸಿಗುವ ಬಣ್ಣದ ಉಂಗುರದ ಪುಟ್ಟ ಬಿಟ್‌ಗಳು ಹೆಚ್ಚಾಗಿ ಸರ್ಕ್ಯೂಟ್ ಬೋರ್ಡ್ ಕೊರೆಯಲು ಮಾಡಿದ ಕಾರ್ಬೈಡ್ ಬಿಟ್‌ಗಳು. ಬಹಳ ಚೂಪು, ಆದರೆ ಗಾಜಿನ ಹಾಗೆ. ಕೈ ಸ್ವಲ್ಪ ಓರೆಯಾದರೂ ಪಟಕ್ಕನೆ ಮುರಿಯುತ್ತವೆ. ಸ್ಟ್ಯಾಂಡ್‌ನಲ್ಲಿ ಕೂರಿಸಿ ಕೊರೆಯುವವರಿಗೆ ಸರಿ, ಕೈಯಲ್ಲಿ ಹಿಡಿದು ಕೊರೆಯುವವರಿಗೆ ಹೈಸ್ಪೀಡ್ ಸ್ಟೀಲ್ ಬಿಟ್ಟೇ ಮೇಲು.

“ವೇಗ ಹೆಚ್ಚಿದಷ್ಟೂ ತೂತು ಕ್ಲೀನ್” ಎನ್ನುವುದೂ ಅರ್ಧ ನಿಜ. ಸಣ್ಣ ಬಿಟ್‌ಗೆ ಹೆಚ್ಚು ಸುತ್ತು ಬೇಕು, ಯಾಕೆಂದರೆ 1 ಮಿ.ಮೀ. ಬಿಟ್‌ನ ಅಂಚು ಒಂದು ಸುತ್ತಿಗೆ ಸಾಗುವುದು ಸುಮಾರು 3 ಮಿ.ಮೀ. ಮಾತ್ರ. ಆದರೆ ಪುಡಿ ಹೊರಬರದಿದ್ದರೆ ಅದು ಒಳಗೇ ಉಜ್ಜಿ ಬಿಸಿಯಾಗುತ್ತದೆ. ಮರ ಶಾಖವನ್ನು ಸುಲಭಕ್ಕೆ ದಾಟಿಸುವುದಿಲ್ಲ, ಹಾಗಾಗಿ ತೂತಿನ ಗೋಡೆ ಕಪ್ಪಾಗುತ್ತದೆ, ಬಿಟ್ ಮೊಂಡಾಗುತ್ತದೆ. ಮಧ್ಯಮ ವೇಗದಲ್ಲಿ, ಒಂದೆರಡು ಮಿ.ಮೀ. ಇಳಿಸಿ, ಪೂರ್ತಿ ಹೊರಗೆಳೆದು, ಪುಡಿ ಉದುರಿಸಿ ಮತ್ತೆ ಇಳಿಸಿ. ಕೆಳಗೆ ಒಂದು ಬೇಡದ ಹಲಗೆಯನ್ನು ಒತ್ತಿ ಕಟ್ಟಿದರೆ ಆಚೆ ಬದಿಯಲ್ಲಿ ಚಕ್ಕೆ ಏಳುವುದಿಲ್ಲ.

ಪುಡಿಯನ್ನು ಬಾಯಿಂದ ಊದಬೇಡಿ, ಬ್ರಷ್‌ನಿಂದ ತೆಗೆಯಿರಿ. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 1995ರಲ್ಲೇ ವರ್ಗೀಕರಿಸಿದೆ. ಆ ಅಪಾಯ ಮುಖ್ಯವಾಗಿ ವರ್ಷಗಟ್ಟಲೆ ಧೂಳಿನಲ್ಲೇ ಕೆಲಸ ಮಾಡುವವರದ್ದು, ನಾಲ್ಕು ತೂತು ಕೊರೆದವರು ಗಾಬರಿಯಾಗಬೇಕಿಲ್ಲ. ಮಾಸ್ಕ್ ಹಾಕಿಕೊಂಡರೆ ಆಯಿತು.