ಸೆಟ್ ಮುಗಿಯುವವರೆಗೆ ದೇಹ ಕಾಯುವುದಿಲ್ಲ

ಟೆನಿಸ್ ಫೈನಲ್ ಮುಗಿದ ಮರುದಿನ ಕಪ್ ಎತ್ತಿ ಹಿಡಿದವರ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬರುತ್ತದೆ. ಸೋತವರು ಆ ರಾತ್ರಿ ಎಲ್ಲಿಗೆ ಹೋದರು ಎಂದು ಯಾರೂ ಕೇಳುವುದಿಲ್ಲ. 2018ರ ಜನವರಿ 27ರಂದು ಮೆಲ್ಬೋರ್ನ್ ನಗರದಲ್ಲಿ ಆಸ್ಟ್ರೇಲಿಯನ್ ಓಪನ್ ಮಹಿಳೆಯರ ಸಿಂಗಲ್ಸ್ ಫೈನಲ್ ನಡೆಯಿತು. ಡೆನ್ಮಾರ್ಕಿನ ಕ್ಯಾರೊಲಿನ್ ವೋಜ್ನಿಯಾಕಿ 7–6, 3–6, 6–4ರಿಂದ ಗೆದ್ದರು. ಸೋತ ರುಮೇನಿಯದ ಸಿಮೋನಾ ಹಾಲೆಪ್ ಆ ರಾತ್ರಿ ಸೇರಿದ್ದು ಆಸ್ಪತ್ರೆಗೆ. ಮೂಳೆ ಮುರಿದಿರಲಿಲ್ಲ, ಸ್ನಾಯು ಹರಿದಿರಲಿಲ್ಲ. ಮೈಯಲ್ಲಿ ನೀರು ಬತ್ತಿತ್ತು. ವೈದ್ಯರ ಭಾಷೆಯಲ್ಲಿ ನಿರ್ಜಲತೆ. ಸುಮಾರು ನಾಲ್ಕು ಗಂಟೆ ಅವರು ಅಲ್ಲಿ ಚಿಕಿತ್ಸೆ ಪಡೆದರು.

ಗಮನಿಸಿ, ಆ ಪಂದ್ಯ ನಡು ಮಧ್ಯಾಹ್ನದ್ದಲ್ಲ. ಶುರುವಾದದ್ದೇ ಸಂಜೆ ಏಳೂವರೆಗೆ. ನೆತ್ತಿಯ ಮೇಲೆ ಬಿಸಿಲು ಇರಲಿಲ್ಲ, ಆದರೆ ಸೆಕೆ ಇತ್ತು. ಎರಡನೆಯ ಸೆಟ್ಟಿನಲ್ಲೇ ವೈದ್ಯರು ಅಂಗಳಕ್ಕೆ ಬಂದು ಹಾಲೆಪ್ ಅವರ ನಾಡಿ, ರಕ್ತದೊತ್ತಡ ಪರೀಕ್ಷಿಸಿದ್ದರು. ಮೂರನೆಯ ಸೆಟ್ಟಿಗೆ ಮೊದಲು ಕಾವಿನ ಕಾರಣಕ್ಕೆ ಇಬ್ಬರಿಗೂ ಹತ್ತು ನಿಮಿಷದ ವಿರಾಮ ಕೊಟ್ಟರು. ಆದರೂ ಎರಡು ಗಂಟೆ 49 ನಿಮಿಷದ ಆಟ ಅವರನ್ನು ಹಿಂಡಿಬಿಟ್ಟಿತು. ಅದೇ ಟೂರ್ನಿಯ ಮೂರನೆಯ ಸುತ್ತಿನಲ್ಲಿ ಅಮೆರಿಕದ ಲಾರೆನ್ ಡೇವಿಸ್ ವಿರುದ್ಧ ಅವರು ಮೂರು ಗಂಟೆ 44 ನಿಮಿಷ ಆಡಿ, ಕೊನೆಯ ಸೆಟ್ಟನ್ನು 15–13ರಿಂದ ಗೆದ್ದಿದ್ದರು. ಹೆಂಗಸರದು ಮೂರೇ ಸೆಟ್ಟಿನ ಆಟ, ಅದರಲ್ಲೇನು ದಣಿವು ಎಂದು ಸೋಫಾದಲ್ಲಿ ಕುಳಿತು ಹೇಳುವ ಗಂಡಸರು ಈ ಅಂಕಿಗಳನ್ನು ಇನ್ನೊಮ್ಮೆ ಓದಿಕೊಳ್ಳಬೇಕು.

ಜಗತ್ತಿನ ಅತ್ಯುತ್ತಮ ತರಬೇತಿ, ಪಕ್ಕದಲ್ಲೇ ವೈದ್ಯರು, ಪ್ರತಿ ವಿರಾಮಕ್ಕೂ ತಣ್ಣನೆಯ ಪಾನೀಯ ಇರುವವರಿಗೇ ಹೀಗಾಗುತ್ತದೆ ಎಂದರೆ, ಇವು ಯಾವುವೂ ಇಲ್ಲದ ನಮ್ಮ ಮನೆಯವರ ಗತಿ ಏನು?

ಮೊದಲು ಕಾವು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯೋಣ. ಕಾವೆಂದರೆ ಸೂರ್ಯನದು ಎಂದು ನಾವು ತಿಳಿದಿದ್ದೇವೆ. ಆದರೆ ಓಡುವ, ಭಾರ ಎತ್ತುವ, ರುಬ್ಬುವ ಮನುಷ್ಯನ ಮುಖ್ಯ ಒಲೆ ಇರುವುದು ಅವನ ಸ್ನಾಯುಗಳಲ್ಲೇ. ಸ್ನಾಯು ಬಳಸುವ ಶಕ್ತಿಯಲ್ಲಿ ಕಾಲುಭಾಗದಷ್ಟು ಮಾತ್ರ ಕೆಲಸವಾಗುತ್ತದೆ. ಉಳಿದ ಮುಕ್ಕಾಲು ಭಾಗ ಶಾಖವಾಗಿ ರಕ್ತಕ್ಕೆ ಸೇರುತ್ತದೆ. ಈ ಶಾಖವನ್ನು ಹೊರಹಾಕುವ ಏರ್ಪಾಡು ಇಲ್ಲದಿದ್ದರೆ ಜೋರಾಗಿ ಆಡುವವರ ಮೈಶಾಖ ಹತ್ತು ನಿಮಿಷದೊಳಗೆ ಒಂದು ಡಿಗ್ರಿ ಏರೀತು. ಆ ಏರ್ಪಾಡೇ ಬೆವರು.

ಬೆವರು ಸುರಿದರೆ ಸಾಲದು, ಅದು ಆರಬೇಕು. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಹೊರಮೈಯ ಪಸೆ ಆರುವುದರಿಂದ ತಾನೆ? ನಮ್ಮ ಚರ್ಮದ್ದೂ ಅದೇ ಲೆಕ್ಕ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರದೆ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ನೀರೂ ಹೋಯಿತು, ತಂಪೂ ಬರಲಿಲ್ಲ. ಕರಾವಳಿಯ ಓದುಗರಿಗೆ ಇದನ್ನು ಹೇಳಬೇಕಾದ್ದೇ ಇಲ್ಲ. ಕಲಬುರಗಿಯ ಒಣ ಬಿಸಿಲಿನಿಂದ ಮಂಗಳೂರಿಗೆ ಬಂದ ನೆಂಟರು ಮೊದಲ ದಿನವೇ ಗೊಣಗುತ್ತಾರೆ. ಸಂಜೆ ಏಳೂವರೆಯ ಪಂದ್ಯ ಹಾಲೆಪ್ ಅವರನ್ನು ಆಸ್ಪತ್ರೆಗೆ ಕಳಿಸಿದ್ದು ಏಕೆಂದು ಈಗ ಊಹಿಸಬಹುದು.

ಕಾವಿನಲ್ಲಿ ಆಡುವ ಟೆನಿಸ್ ಆಟಗಾರರು ಗಂಟೆಗೆ ಒಂದರಿಂದ ಎರಡೂವರೆ ಲೀಟರ್‌ವರೆಗೂ ಬೆವರುತ್ತಾರೆ. ಹೊಟ್ಟೆ ಮತ್ತು ಕರುಳು ಅಷ್ಟು ವೇಗವಾಗಿ ನೀರನ್ನು ಒಳಗೆ ಬಿಟ್ಟುಕೊಳ್ಳಲಾರವು. ಹಾಗಾಗಿ ಸಾಲ ಬೆಳೆಯುತ್ತದೆ. 60 ಕಿಲೋ ತೂಗುವವರ ಮೈಯಿಂದ 1.2 ಲೀಟರ್ ನೀರು, ಅಂದರೆ ತೂಕದ ನೂರಕ್ಕೆ ಎರಡರಷ್ಟು ಹೋದಾಗ ಕೆಲಸದ ಚುರುಕು ಇಳಿಯತೊಡಗುತ್ತದೆ. ಬಾಯಾರಿಕೆ ಜೋರಾಗಿ ತಿಳಿಯುವ ಹೊತ್ತಿಗೆ ಅನೇಕರು ಆಗಲೇ ಆ ಗೆರೆಯ ಹತ್ತಿರ ಬಂದಿರುತ್ತಾರೆ. ರಕ್ತದ ಪ್ರಮಾಣ ಕುಗ್ಗುತ್ತದೆ. ಹೃದಯ ಜೋರಾಗಿ ಬಡಿಯಬೇಕಾಗುತ್ತದೆ. ಸ್ನಾಯುವಿಗೂ ರಕ್ತ ಬೇಕು, ತಂಪಾಗಲು ಚರ್ಮಕ್ಕೂ ಬೇಕು. ಎರಡಕ್ಕೂ ಸಾಲದೆ ಹೋದಾಗ ತಲೆಸುತ್ತು, ವಾಕರಿಕೆ, ತಲೆನೋವು.

ಇನ್ನು ಈ ಲೇಖನದ ಮುಖ್ಯ ಮಾತಿಗೆ ಬರುತ್ತೇನೆ. ಅದಕ್ಕೆ 2014ರ ಟೂರ್ನಿಯನ್ನು ನೆನೆಯಬೇಕು. ಆಸ್ಟ್ರೇಲಿಯದಲ್ಲಿ ಜನವರಿ ಎಂದರೆ ನಡು ಬೇಸಿಗೆ. ಆ ವರ್ಷ ಜನವರಿ 14ರಿಂದ 17ರವರೆಗೆ ಸತತ ನಾಲ್ಕು ದಿನ ಮೆಲ್ಬೋರ್ನ್‌ನಲ್ಲಿ ಉಷ್ಣಾಂಶ 41 ಡಿಗ್ರಿ ದಾಟಿತು. ಚೀನಾದ ಪೆಂಗ್ ಶುವಾಯಿ ಆಟದ ಅಂಗಳದಲ್ಲೇ ವಾಂತಿ ಮಾಡಿಕೊಂಡರು, ಕಾಲುಗಳು ಸೆಡೆತುಕೊಂಡವು. ನೆಲಕ್ಕಿಟ್ಟ ನೀರಿನ ಬಾಟಲಿಯ ಬುಡ ಕರಗತೊಡಗಿತ್ತೆಂದು ವೋಜ್ನಿಯಾಕಿ ಹೇಳಿದರು. ಮೂರನೆಯ ದಿನ ಅತಿ ಕಾವಿನ ನಿಯಮವನ್ನು ಜಾರಿಗೆ ತಂದು ಆಟ ನಿಲ್ಲಿಸಿದರು. ಆದರೆ ಆ ನಿಯಮದಲ್ಲಿ ಒಂದು ಕೊಕ್ಕೆ ಇತ್ತು: ನಡೆಯುತ್ತಿರುವ ಸೆಟ್ ಮುಗಿಯಲೇಬೇಕು. ರಷ್ಯದ ಮರಿಯಾ ಶರಪೋವಾ ಮತ್ತು ಇಟಲಿಯ ಕರಿನ್ ಕ್ನಾಪ್ ಮೂರನೆಯ ಸೆಟ್ ಆಡುತ್ತಿದ್ದರು. ಆಗ ಕೊನೆಯ ಸೆಟ್ಟಿಗೆ ಟೈಬ್ರೇಕರ್ ಇರಲಿಲ್ಲ. ಉಳಿದ ಅಂಗಳಗಳು ಖಾಲಿಯಾಗುತ್ತಿದ್ದರೂ ಇವರಿಬ್ಬರ ಆಟ ತೆರೆದ ಛಾವಣಿಯ ಕೆಳಗೆ ಎಳೆಯುತ್ತಲೇ ಹೋಯಿತು. ಮೂರು ಗಂಟೆ 28 ನಿಮಿಷದ ಬಳಿಕ ಶರಪೋವಾ ಕೊನೆಯ ಸೆಟ್ಟನ್ನು 10–8ರಿಂದ ಗೆದ್ದರು.

ಈ ನಿಯಮ ಎಂಥದು ಎಂದು ನಗಬೇಡಿ. ನಮ್ಮೆಲ್ಲರ ಮನೆಯಲ್ಲೂ ಅದೇ ನಿಯಮ ನಡೆಯುತ್ತಿದೆ. "ಇದೊಂದು ಸಾಲು ಕಳೆ ಕಿತ್ತುಬಿಡುತ್ತೇನೆ", "ಇನ್ನೆರಡು ರೊಟ್ಟಿ ತಟ್ಟಿಬಿಡುತ್ತೇನೆ", "ಈ ಓವರ್ ಮುಗಿಯಲಿ". ತಲೆ ಸುತ್ತಿದರೂ ಕೆಲಸ ಮುಗಿಸಿಯೇ ಕೂರಬೇಕೆಂಬ ಹಟ. ಮೆಲ್ಬೋರ್ನ್‌ನವರು ಮುಂದೆ ಪಾಠ ಕಲಿತು ನಿಯಮ ತಿದ್ದಿದರು. ಸೆಟ್ಟಿನ ನಡುವೆಯೂ ಸಮಸಂಖ್ಯೆಯ ಗೇಮ್ ಮುಗಿದೊಡನೆ ಆಟ ನಿಲ್ಲಿಸಬಹುದು. 2019ರಿಂದ ಬಿಸಿಲಿನ ತೀವ್ರತೆ, ನೆರಳಿನ ಉಷ್ಣಾಂಶ, ತೇವ, ಗಾಳಿಯ ವೇಗ ಈ ನಾಲ್ಕನ್ನೂ ಕೂಡಿಸಿ ಒಂದರಿಂದ ಐದರವರೆಗಿನ ಅಳತೆ ಮಾಡಿಕೊಂಡಿದ್ದಾರೆ. ನಾಲ್ಕು ಮುಟ್ಟಿದರೆ ಮಹಿಳೆಯರಿಗೆ ಎರಡು ಮತ್ತು ಮೂರನೆಯ ಸೆಟ್ಟಿನ ನಡುವೆ ಹತ್ತು ನಿಮಿಷ ವಿರಾಮ. ಐದು ಮುಟ್ಟಿದರೆ ಆಟವೇ ಬಂದ್. ಅಂದಹಾಗೆ, ಹತ್ತು ನಿಮಿಷದ ಕಾವಿನ ವಿರಾಮವನ್ನು ಮಹಿಳಾ ಟೆನಿಸ್ ಸಂಘ ತನ್ನ ಆಟಗಾರ್ತಿಯರಿಗೆ 1992ರಲ್ಲೇ ತಂದಿತ್ತು.

ನಮ್ಮ ಮನೆಗಳಿಗೆ ಅಂಪೈರ್ ಇಲ್ಲ. ಹಾಗಾಗಿ ಲಕ್ಷಣಗಳನ್ನು ನಾವೇ ಓದಬೇಕು. ಕಾಲಿನ ಸ್ನಾಯು ಹಿಡಿದುಕೊಳ್ಳುವುದು, ಅತಿ ಬೆವರು, ತಲೆನೋವು, ವಾಕರಿಕೆ, ಎದ್ದು ನಿಂತರೆ ಕಣ್ಣು ಕತ್ತಲಿಡುವುದು, ಮೂತ್ರ ಕಡುಹಳದಿಯಾಗಿ ಕಡಿಮೆಯಾಗುವುದು, ಇವು ಕಂಡರೆ ಅಲ್ಲೇ ಕೆಲಸ ಬಿಡಬೇಕು. ನೆರಳಿಗೆ ಹೋಗಿ ಬಟ್ಟೆ ಸಡಿಲಿಸಿ, ಕಾಲು ಸ್ವಲ್ಪ ಎತ್ತರಿಸಿ ಮಲಗಿ, ಗುಟುಕು ಗುಟುಕಾಗಿ ಕುಡಿಯಬೇಕು.

ಏನನ್ನು ಕುಡಿಯಬೇಕು? ಬೆವರು ಬರೀ ನೀರಲ್ಲ. ನಾಲಿಗೆಗೆ ತಾಕಿದರೆ ಗೊತ್ತಾಗುತ್ತದೆ, ಉಪ್ಪು. ಗಂಟೆಗಟ್ಟಲೆ ಬೆವರಿದವರು ಬರೀ ನೀರನ್ನೇ ಲೀಟರುಗಟ್ಟಲೆ ಸುರಿದುಕೊಂಡರೆ ರಕ್ತದ ಸೋಡಿಯಂ ತೆಳುವಾಗುತ್ತದೆ. 2002ರ ಬೋಸ್ಟನ್ ಮ್ಯಾರಥಾನ್ ಓಡಿದವರಲ್ಲಿ 488 ಮಂದಿಯ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಗೆ ಸೋಡಿಯಂ ಇಳಿದಿತ್ತು. ಓಟದ ನಡುವೆ ತೂಕ ಹೆಚ್ಚಿಸಿಕೊಂಡವರಲ್ಲಿ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ ಇದು ಹೆಚ್ಚು. ಇದರ ತಲೆನೋವು, ಮಂಪರು ನಿರ್ಜಲತೆಯನ್ನೇ ಹೋಲುವುದರಿಂದ ಇನ್ನಷ್ಟು ನೀರು ಕುಡಿಸಿ ಕೆಡಿಸುವ ಅಪಾಯವಿದೆ. ಆದ್ದರಿಂದ ಉಪ್ಪು ಹಾಕಿದ ನೀರು ಮಜ್ಜಿಗೆ, ಉಪ್ಪು ಸಕ್ಕರೆಯ ನಿಂಬೆ ಪಾನಕ, ಗಂಜಿ ತಿಳಿ ಒಳ್ಳೆಯದು. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಬಣ್ಣದ ಬಾಟಲಿಯ ದುಬಾರಿ ಪೇಯಗಳಿಗೆ ಹಣ ಸುರಿಯಬೇಕಾಗಿಲ್ಲ. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ಕಾಯಿಲೆ ಇರುವವರು, ಮಧುಮೇಹಿಗಳು ಉಪ್ಪು ಸಕ್ಕರೆಯ ವಿಷಯದಲ್ಲಿ ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ಆಟಗಾರರಿಗೆ ಒಂದು ಸುಲಭ ಲೆಕ್ಕ: ಆಡುವ ಮೊದಲು ಮತ್ತು ಆಡಿದ ಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಸಾಲ ಬಾಕಿ ಇದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಸಂಗತಿ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ತಾಯಿ ನನ್ನ ಕ್ಲಿನಿಕ್ಕಿಗೆ ಕರೆತಂದರು. ಥ್ರೋಬಾಲ್ ತಂಡದವಳು. ತಿಂಗಳಲ್ಲಿ ಎರಡು ಸಲ ಅಭ್ಯಾಸದ ವೇಳೆ ಬಿದ್ದಿದ್ದಳು. ರಕ್ತಹೀನತೆ ಇರಬಹುದೆಂದು ನೋಡಿದೆ, ಇರಲಿಲ್ಲ. ಮಾತಾಡಿಸುತ್ತಾ ಹೋದಾಗ ತಿಳಿಯಿತು, ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಅವಳು ಒಂದು ತೊಟ್ಟು ನೀರನ್ನೂ ಕುಡಿಯುತ್ತಿರಲಿಲ್ಲ. ಶಾಲೆಯ ಶೌಚಾಲಯಕ್ಕೆ ಚಿಲಕವಿಲ್ಲ. ನೀರು ಕುಡಿದರೆ ತಾನೆ ಅಲ್ಲಿಗೆ ಹೋಗಬೇಕಾದ್ದು? ಅವಳ ಬಾಟಲಿ ಮನೆಯಿಂದ ತುಂಬಿ ಹೋಗಿ ತುಂಬಿಯೇ ಮರಳುತ್ತಿತ್ತು. ನಾನು ಬರೆದುಕೊಡಬೇಕಾಗಿದ್ದ ಔಷಧಿ ಒಂದು ಚಿಲಕ! ಮಗಳು ಆಡುವವಳಾಗಿದ್ದರೆ ಸಂಜೆ ಅವಳ ಬಾಟಲಿಯನ್ನು ಒಮ್ಮೆ ಎತ್ತಿ ನೋಡಿ. ಮುಟ್ಟು ಬರುವ ಮುಂಚಿನ ಎರಡು ವಾರ ಮೈಶಾಖ ಸಹಜವಾಗಿಯೇ ಅರ್ಧ ಡಿಗ್ರಿಯವರೆಗೆ ಏರಿರುತ್ತದೆಂಬುದೂ ತರಬೇತುದಾರರಿಗೆ ತಿಳಿದಿರಲಿ.

ಬೇಸಿಗೆ ಶಿಬಿರಗಳ ಬಗ್ಗೆಯೂ ನನಗೆ ತಕರಾರಿದೆ. ಮಾರ್ಚ್ ಪೂರ್ತಿ ಫ್ಯಾನಿನ ಕೆಳಗೆ ಪರೀಕ್ಷೆಗೆ ಓದಿದ ಮಗುವನ್ನು ಏಪ್ರಿಲ್ ಬಂದೊಡನೆ ದಿನಕ್ಕೆ ಮೂರು ಗಂಟೆ ಬಿಸಿಲಿಗೆ ಅಟ್ಟುತ್ತೇವೆ. ದೇಹ ಕಾವಿಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆ ಅವಧಿಯಲ್ಲಿ ಬೆವರು ಬೇಗ ಶುರುವಾಗಲು, ಹೆಚ್ಚು ಸುರಿಯಲು ಕಲಿಯುತ್ತದೆ, ಅದರಲ್ಲಿನ ಉಪ್ಪೂ ಕಡಿಮೆಯಾಗುತ್ತದೆ. ಮೊದಲ ದಿನ ಅರ್ಧ ಗಂಟೆ, ಆಮೇಲೆ ದಿನಕ್ಕಿಷ್ಟು ಏರಿಸಿ. ಜ್ವರ, ಭೇದಿ ಇದ್ದ ವಾರ ಆಟವೇ ಬೇಡ.

ಕೊನೆಯದಾಗಿ, ಉಷ್ಣಾಘಾತ. ಇದು ಬೇರೆಯೇ ಮಟ್ಟದ ಕಾಯಿಲೆ, ಪ್ರಾಣ ತೆಗೆಯುವಂಥದು. ಮೈಯ ಒಳಶಾಖ 40 ಡಿಗ್ರಿ ದಾಟಿರುತ್ತದೆ. ಗುರುತಿಸುವುದು ಮಿದುಳಿನ ಲಕ್ಷಣಗಳಿಂದ: ಅಸಂಬದ್ಧ ಮಾತು, ತೂರಾಟ, ಕೆರಳಿಕೆ, ಸೆಳವು, ಎಚ್ಚರ ತಪ್ಪುವುದು. ಚರ್ಮ ಒಣಗಿದ್ದರೆ ಮಾತ್ರ ಉಷ್ಣಾಘಾತ ಎಂಬ ತಿಳಿವಳಿಕೆ ತಪ್ಪು. ಆಡುತ್ತಲೋ ದುಡಿಯುತ್ತಲೋ ಬಿದ್ದವರ ಮೈ ಬೆವರಿನಿಂದ ತೊಯ್ದಿರಬಹುದು. ಪ್ಯಾರಾಸಿಟಮಾಲ್ ಇಲ್ಲಿ ಉಪಯೋಗಕ್ಕೆ ಬಾರದು. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋದೀತು. 108ಕ್ಕೆ ಒಬ್ಬರು ಫೋನ್ ಮಾಡಲಿ. ಉಳಿದವರು ಅವರನ್ನು ನೆರಳಿಗೆಳೆದು, ಹೆಚ್ಚಿನ ಬಟ್ಟೆ ತೆಗೆದು, ತಲೆಯಿಂದ ಕಾಲಿನವರೆಗೆ ತಣ್ಣೀರು ಸುರಿಯಲಿ, ಗಾಳಿ ಬೀಸಲಿ, ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಲಿ. ಎಚ್ಚರವಿದ್ದವರನ್ನು ನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಕೂರಿಸಿ ಹಿಡಿದುಕೊಂಡರೆ ಇನ್ನೂ ಬೇಗ ತಂಪಾಗುತ್ತದೆ. ಮೊದಲು ತಂಪು, ಆಮೇಲೆ ಸಾಗಣೆ. ಆಂಬುಲೆನ್ಸ್ ಬಾಗಿಲಿಗೆ ಬರುವವರೆಗೂ ನೀರು ಸುರಿಯುವುದನ್ನು ನಿಲ್ಲಿಸಬೇಡಿ.